ಊರ ಹೆಸರಿಗೆ ಎರಡೇ ಅಕ್ಷರ

ಜಪಾನಿನ ನಕ್ಷೆಯಲ್ಲಿರುವ ಹೆಸರುಗಳನ್ನು ಬಿಡಿಸಿ ಕನ್ನಡದಲ್ಲಿ ಹೇಳಿಕೊಂಡರೆ ಆ ದೇಶದ ಗಾಂಭೀರ್ಯ ಅರ್ಧಕ್ಕರ್ಧ ಇಳಿದುಹೋಗುತ್ತದೆ. ಹಿರೋಶಿಮಾ ಎಂದರೆ ಅಗಲ ನಡುಗಡ್ಡೆ. ನಾಗಾಸಾಕಿ ಎಂದರೆ ಕಡಲಿಗೆ ಉದ್ದಕ್ಕೆ ಚಾಚಿಕೊಂಡ ನೆಲ. ಯಾಮಾಗುಚಿ ಬೆಟ್ಟದ ಬಾಯಿ. ದೀಪಗಳ ಜಾತ್ರೆಯಂತಿರುವ ಶಿಂಜುಕು ಬರೀ ‘ಹೊಸ ತಂಗುದಾಣ’. 1698ರಲ್ಲಿ ಕೋಶು ಹೆದ್ದಾರಿಯ ಪಯಣಿಗರಿಗೆಂದು ಅಲ್ಲೊಂದು ಹೊಸ ಬಿಡಾರ ಎದ್ದಾಗ ಅಂಟಿದ ಹೆಸರು, ಮೂರು ಶತಮಾನ ಕಳೆದರೂ ಹೊಸತೇ. ಇಕೆಬುಕುರೊ ಎಂಬುದು ಕೆರೆಚೀಲ. ರೊಪ್ಪೊಂಗಿ ಆರು ಮರ. ಮಿಯೆ ಪ್ರಾಂತದ ರಾಜಧಾನಿಯ ಹೆಸರು ‘ತ್ಸು’, ಅಷ್ಟೇ. ಅರ್ಥ, ಬಂದರು. ಊರಿಗೆ ಹೆಸರಿಡಲು ಇದಕ್ಕಿಂತ ಕಡಿಮೆ ಶ್ರಮ ಪಟ್ಟವರು ಯಾರೂ ಇರಲಾರರು.

ಸಂತೆಯ ಊರುಗಳಂತೂ ಇನ್ನೂ ನೇರ. ಯೊಕ್ಕಾಯಿಚಿ ಎಂದರೆ ನಾಲ್ಕನೇ ದಿನದ ಸಂತೆ. ತಿಂಗಳ ನಾಲ್ಕು, ಹದಿನಾಲ್ಕು, ಇಪ್ಪತ್ತನಾಲ್ಕನೇ ತಾರೀಖು ಅಲ್ಲಿ ಸಂತೆ ಕೂಡುತ್ತಿತ್ತು. ಇತ್ಸುಕಾಯಿಚಿ ಐದನೇ ದಿನದ್ದು, ಯೋಕಾಯಿಚಿ ಎಂಟನೆಯದು, ಹಿರೋಶಿಮಾ ಪಕ್ಕದ ಹಾತ್ಸುಕಾಯಿಚಿ ಇಪ್ಪತ್ತನೆಯದು. ನಮ್ಮ ಸಂತೆಬೆನ್ನೂರು, ಸಂತೆಮರಹಳ್ಳಿಗಳು ಸಂತೆ ಉಂಟೆಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಅವು ದಿನವನ್ನೂ ಹೇಳಿಬಿಡುತ್ತವೆ.

ಹೆಸರು ಕಟ್ಟುವ ಕ್ರಮ ಕನ್ನಡಿಗರಿಗೆ ಹೊಸದೇನಲ್ಲ. ಮೊದಲು ಗುಣ, ಆಮೇಲೆ ನೆಲ. ಯಾಮಾ ಬೆಟ್ಟ, ಕಾವಾ ಹೊಳೆ, ತಾ ಗದ್ದೆ, ನೊ ಮತ್ತು ಹಾರಾ ಬಯಲು, ಶಿಮಾ ನಡುಗಡ್ಡೆ, ಸಾಕಾ ಏರುದಾರಿ, ಓಕಾ ದಿಣ್ಣೆ, ಹಾಶಿ ಸೇತುವೆ, ಕುಬೊ ತಗ್ಗು, ಮುರಾ ಹಳ್ಳಿ. ಈ ಹನ್ನೊಂದು ಪದ ಗೊತ್ತಿದ್ದರೆ ರೈಲಿನ ಕಿಟಕಿಯಲ್ಲಿ ಕೂತು ಊರುಗಳನ್ನು ಬಿಡಿಸುತ್ತ ಹೋಗಬಹುದು. ಆದರೆ ಪದಗಳು ಜೋಡಿಯಾದಾಗ ಸುಮ್ಮನಿರುವುದಿಲ್ಲ. ಕಾವಾ ಹೋಗಿ ಗಾವಾ ಆಗುತ್ತದೆ, ತಾ ಹೋಗಿ ದಾ, ಹಾಶಿ ಹೋಗಿ ಬಾಶಿ. ಸುಮಿದಾಗಾವಾ, ಉಮೆದಾ, ಶಿಂಬಾಶಿ. ಜಪಾನಿಗಳು ಇದನ್ನು ‘ರೆಂದಾಕು’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಪುಟಗಟ್ಟಲೆ ಬೇಕು. ನಮಗೆ ಎರಡೇ ಮಾತು ಸಾಕು: ಆದೇಶ ಸಂಧಿ. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕ, ತ, ಪಗಳಿಗೆ ಗ, ದ, ಬ.

ಆದರೆ ಹಾಶಿಯಲ್ಲಿರುವುದು ಹ, ಪ ಅಲ್ಲವಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ಅದರ ಉತ್ತರವೂ ಕನ್ನಡದಲ್ಲೇ ಇದೆ. ಹಳಗನ್ನಡದ ಪಾಲು ಹಾಲಾಯಿತು, ಪನಿ ಹನಿಯಾಯಿತು. ಕಣ್ಣಿನ ಜತೆ ಮೊದಲೇ ಕೂಡಿಕೊಂಡ ಪನಿ ಮಾತ್ರ ಕಂಬನಿಯಾಗಿ ಉಳಿಯಿತು, ‘ಕಣ್ಹನಿ’ ಆಗಲಿಲ್ಲ. ಜಪಾನಿಯಲ್ಲೂ ಇಂದಿನ ಹಕಾರ ಒಂದಾನೊಂದು ಕಾಲದ ಪಕಾರ. ಒಂಟಿಯಾಗಿದ್ದಾಗ ಅದು ಹಾಶಿ, ಜೋಡಿಯಲ್ಲಿ ಬಾಶಿ. ಎರಡು ಭಾಷೆಗಳಿಗೂ ನೆಂಟಸ್ತಿಕೆ ಇದೆಯೆಂದು ಇದರಿಂದ ಸಾಬೀತಾಗುವುದಿಲ್ಲ; ಬಾಯಿ ಎಲ್ಲ ಕಡೆ ಬಾಯಿಯೇ. ಟೋಕಿಯೋದಲ್ಲಿ ನಿಹೊಂಬಾಶಿ ಎಂಬ ಪೇಟೆಯಿದೆ. ಅದೇ ಮೂರು ಅಕ್ಷರ ಬರೆದ ಪೇಟೆ ಒಸಾಕಾದಲ್ಲೂ ಇದೆ, ಅಲ್ಲಿ ಅದು ನಿಪ್ಪೊಂಬಾಶಿ. ಟಿಕೆಟ್ ಕೊಳ್ಳುವಾಗ ಹಕಾರ ಪಕಾರಗಳಲ್ಲಿ ತಪ್ಪಿದರೆ ಐನೂರು ಕಿಲೋಮೀಟರ್ ವ್ಯತ್ಯಾಸ.

ರೆಂದಾಕುವಿಗೆ ಒಂದು ಗಟ್ಟಿ ತಡೆ ಉಂಟು. ಎರಡನೇ ಪದದಲ್ಲಿ ಆಗಲೇ ಗ, ಜ, ದ, ಬಗಳಲ್ಲೊಂದು ಇದ್ದರೆ ಮೊದಲಕ್ಷರ ಬದಲಾಗದು. ಸುಗಿ ಎಂಬ ಮರದ ಹೆಸರಿನಲ್ಲಿ ಗ ಇದೆ, ಆದ್ದರಿಂದ ಕೊಸುಗಿ, ಎಂದೂ ಕೊಜುಗಿ ಅಲ್ಲ. ಕುಬೊದಲ್ಲಿ ಬ ಇದೆ, ಆದ್ದರಿಂದ ಓಕುಬೊ, ಓಗಿಕುಬೊ. ಇದಕ್ಕೆ ಲೈಮನ್ ನಿಯಮವೆಂದು ಹೆಸರು. ಈ ಬೆಂಜಮಿನ್ ಸ್ಮಿತ್ ಲೈಮನ್ ವೈಯಾಕರಣಿಯೇ ಅಲ್ಲ, ಹೊಕ್ಕೈಡೊದಲ್ಲಿ ಕಲ್ಲಿದ್ದಲು ಹುಡುಕಲು ಬಂದಿದ್ದ ಅಮೆರಿಕದ ಗಣಿ ಎಂಜಿನಿಯರ್. ತಡೆ ಇಲ್ಲದ ಕಡೆಯಾದರೂ ಬದಲಾವಣೆ ಖಾತರಿಯೇ ಎಂದರೆ ಅದೂ ಇಲ್ಲ. ಮಿಯಾಜಾಕಿಯಲ್ಲಿ ಸ ಜ ಆಗಿದೆ, ನಾಗಾಸಾಕಿಯಲ್ಲಿ ಆಗಿಲ್ಲ. ಸಾಕುರಾಜಿಮಾ ಜ, ಅದರ ಎದುರು ದಡದ ಕಾಗೋಶಿಮಾ ಶ. ಇಬಾರಾಕಿ ಪ್ರಾಂತದವರನ್ನು ದೇಶವೆಲ್ಲ ‘ಇಬಾರಾಗಿ’ ಎಂದು ಕರೆಯುತ್ತದೆ, ಅವರು ‘ಕಿ, ಕಿ’ ಎಂದು ತಿದ್ದುತ್ತಲೇ ಇರುತ್ತಾರೆ. ಟೋಕಿಯೋದ ಅಕಿಹಾಬಾರಾ ಪೇಟೆಯ ಕತೆ ಇನ್ನೂ ಮಜವಾಗಿದೆ. 1869ರ ಬೆಂಕಿಯಲ್ಲಿ ಸುಟ್ಟ ಜಾಗವನ್ನು ಬಯಲು ಬಿಟ್ಟು, ಅಲ್ಲೊಂದು ಅಗ್ನಿಶಮನದ ಗುಡಿ ಕಟ್ಟಿದರು. ಬೆಂಕಿ ಕಾಯುವ ದೇವರೆಂದರೆ ಜನರ ಬಾಯಲ್ಲಿ ಅಕಿಬಾ, ಹಾಗಾಗಿ ಅದು ಅಕಿಬಾ ಬಯಲು. 1890ರಲ್ಲಿ ರೈಲ್ವೆಯವರು ನಿಲ್ದಾಣಕ್ಕೆ ಬರೆದದ್ದು ಅಕಿಹಾಬಾರಾ. ಬಕಾರ ಒಂದು ಮನೆ ಮುಂದಕ್ಕೆ ಹಾರಿ ಕೂತಿತು. ಜನ ಇವತ್ತಿಗೂ ‘ಅಕಿಬಾ’ ಎಂದೇ ಕರೆದು ಅದನ್ನು ಸ್ವಸ್ಥಾನಕ್ಕೆ ತರುತ್ತಾರೆ.

ಇಷ್ಟು ಹೊತ್ತು ಮಾತಾಡಿದ್ದು ಸದ್ದಿನ ಬಗ್ಗೆ. ನಿಜವಾದ ಫಜೀತಿ ಶುರುವಾಗುವುದು ಬರಹದಲ್ಲಿ. ಹೆಸರುಗಳು ಮೊದಲು ಇದ್ದವು, ಚೀನಾದಿಂದ ಕಾಂಜಿ ಅಕ್ಷರಗಳು ಆಮೇಲೆ ಬಂದವು. ಒಂದೊಂದು ಕಾಂಜಿಗೂ ಒಂದು ಅರ್ಥ, ಜತೆಗೆ ನಾಡಿನ ಓದು, ಚೀನೀ ಮೂಲದ ಓದು ಎಂದು ಸಾಮಾನ್ಯವಾಗಿ ಕಡಿಮೆಯೆಂದರೆ ಎರಡು ಉಚ್ಚಾರ. ಆಗಲೇ ಇದ್ದ ಹೆಸರಿಗೆ ಈ ಅಂಗಿ ಹೊಲಿಸಿದಾಗ ಕೆಲವಕ್ಕೆ ಅಳತೆ ಸರಿಹೋಯಿತು, ಕೆಲವಕ್ಕೆ ತೋಳು ಉದ್ದವಾಯಿತು. ಅಷ್ಟರಲ್ಲಿ 713ರಲ್ಲಿ ಮಹಾರಾಣಿ ಗೆಂಮೆಯ ಆಸ್ಥಾನದಿಂದ ಆಜ್ಞೆ ಬಂತು: ಸೀಮೆ, ಹೋಬಳಿ, ಹಳ್ಳಿಗಳ ಹೆಸರನ್ನು ಶುಭವಾದ ಅಕ್ಷರಗಳಲ್ಲಿ ಬರೆಯತಕ್ಕದ್ದು. ಎರಡೇ ಅಕ್ಷರದಲ್ಲಿ ಬರೆಯುವುದೂ ಕ್ರಮವಾಯಿತು. ಚೀನಾದ ಊರುಗಳು ಹಾಗೇ ಕಾಣುತ್ತಿದ್ದವಲ್ಲ, ಅದೊಂದು ಶೋಕಿ.

ಆಗ ನಡೆದ ಕತ್ತರಿ ಕೆಲಸವನ್ನು ನೋಡಬೇಕು. ಮರಗಳ ಸೀಮೆಗೆ ‘ಕಿ’ ಎಂದು ಹೆಸರಿತ್ತು. ಮರ ಎಂಬ ಒಂದೇ ಅಕ್ಷರ ಸಾಕಾಗಿತ್ತು. ಎರಡು ಬೇಕೆಂದರೆ ಏನು ಮಾಡುವುದು? ಸ್ವರವನ್ನು ಎಳೆದು ‘ಕೀ’ ಮಾಡಿ, ‘ಕಿ’ಗೊಂದು, ‘ಇ’ಗೊಂದು ಅಕ್ಷರ ಕೊಟ್ಟರು. ಮರ ಹೋಯಿತು, ಎಳೆತ ಉಳಿಯಿತು. ಇಜುಮಿ ಎಂದರೆ ಚಿಲುಮೆ, ಅದಕ್ಕೂ ಒಂದೇ ಅಕ್ಷರ. ಅದರ ಮುಂದೆ ‘ಸಾಮರಸ್ಯ’ ಎಂಬ ಅಕ್ಷರವೊಂದನ್ನು ತಂದು ನಿಲ್ಲಿಸಿದರು, ಆದರೆ ಉಚ್ಚರಿಸಲಿಲ್ಲ. ಸಾವಿರದ ಮುನ್ನೂರು ವರ್ಷಗಳಿಂದ ಅದು ಬಾಗಿಲಲ್ಲಿ ಮೌನವಾಗಿ ನಿಂತಿದೆ. ಎಲ್ಲಕ್ಕಿಂತ ಸೊಗಸಾದದ್ದು ಕೋಜುಕೆ ಸೀಮೆಯ ಹೆಸರು. ಅದರ ಮೂಲ ಕಮಿತ್ಸುಕೆನೊ, ಬರೆಯುತ್ತಿದ್ದುದು ‘ಮೇಲು, ಕೂದಲು, ಬಯಲು’ ಎಂಬ ಮೂರು ಅಕ್ಷರಗಳಲ್ಲಿ. ಎರಡಕ್ಕಿಳಿಸಲು ನಡುವಿನ ಕೂದಲನ್ನು ಬೋಳಿಸಿದರು. ಜನ ಮಾತ್ರ ಮಾತಿನಲ್ಲಿ ಕೂದಲನ್ನು (ಕೆ) ಉಳಿಸಿಕೊಂಡು ಬಯಲನ್ನು (ನೊ) ಕೈಬಿಟ್ಟರು. ಈಗ ಬರೆದದ್ದನ್ನು ಓದುವುದಿಲ್ಲ, ಓದುವುದನ್ನು ಬರೆದಿಲ್ಲ. ನೆರೆಯ ಶಿಮೊತ್ಸುಕೆಗೂ ಇದೇ ಗತಿ.

ಹೆಸರಿನ ಅಳತೆಗೋಲು ಯಾವಾಗಲೂ ರಾಜಧಾನಿ. ಕ್ಯೋಟೊ ಬಳಿಯ ಬಿವಾ ಸರೋವರ ‘ಹತ್ತಿರದ ಸಿಹಿನೀರ ಕಡಲು’, ಅದು ಸವೆದು ಓಮಿ ಸೀಮೆ. ಪೂರ್ವದ ಹಾಮಾನಾ ಸರೋವರ ‘ದೂರದ ಸಿಹಿನೀರ ಕಡಲು’, ಅದು ತೋತೋಮಿ. 1498ರ ಭೂಕಂಪದಲ್ಲಿ ಹಾಮಾನಾದ ದಂಡೆ ಒಡೆದು ಕಡಲು ಒಳನುಗ್ಗಿತು, ನೀರು ಉಪ್ಪಾಯಿತು. ಹೆಸರು ಸಿಹಿಯಾಗಿಯೇ ಉಳಿದಿದೆ. ಕೊಶಿ ಎಂಬ ಉದ್ದನೆಯ ಸೀಮೆಯನ್ನು ಮೂರಾಗಿ ಕತ್ತರಿಸಿದಾಗ ರಾಜಧಾನಿಗೆ ಹತ್ತಿರದ್ದು ಎಚಿಜೆನ್ (ಮುಂದಿನದು), ಆಮೇಲೆ ಎಚ್ಚೂ (ನಡುವಿನದು), ಕೊನೆಗೆ ಎಚಿಗೊ (ಹಿಂದಿನದು). ಈ ಲೆಕ್ಕ ನಂಬಿ ಟೋಕಿಯೋ ಪಕ್ಕದ ಕಾಜುಸಾ, ಶಿಮೋಸಾಗಳನ್ನು ನೋಡಿದರೆ ತಲೆ ತಿರುಗುತ್ತದೆ. ಮೊದಲನೆಯದು ಮೇಲಿನದು, ಎರಡನೆಯದು ಕೆಳಗಿನದು, ನಕ್ಷೆಯಲ್ಲಿ ‘ಮೇಲಿನ’ ಕಾಜುಸಾ ತೆಂಕಣಕ್ಕೆ ಕೆಳಗಿದೆ. ತಪ್ಪು ನಕ್ಷೆ ನೋಡುವವರದು. ಹಳೆಯ ಹೆದ್ದಾರಿ ಮಿಯುರಾ ದಂಡೆಯಿಂದ ದೋಣಿಯಲ್ಲಿ ಕೊಲ್ಲಿ ದಾಟುತ್ತಿತ್ತು, ದೋಣಿ ಮೊದಲು ತಲುಪುತ್ತಿದ್ದುದು ಕಾಜುಸಾ.

ಓದುವವರ ಕಷ್ಟಕ್ಕೆ ಕೊನೆಯಿಲ್ಲ. ಪೇಟೆ ಎಂಬ ಅಕ್ಷರವನ್ನು ‘ಮಾಚಿ’ ಎಂದೂ ಓದಬಹುದು, ‘ಚೋ’ ಎಂದೂ ಓದಬಹುದು. ಟೋಕಿಯೋದ ಒಂದೇ ಮೆಟ್ರೊ ಮಾರ್ಗದಲ್ಲಿ ಸಾಲಾಗಿ ಬರುವ ಮೂರು ನಿಲ್ದಾಣಗಳು ಜಿಂಬೋಚೋ, ಒಗಾವಾಮಾಚಿ, ಇವಾಮೊತೊಚೋ. ಮೂರರ ಬಾಲವೂ ಅದೇ ಅಕ್ಷರ. ಯಾಕೆ ನಡುವಿನದು ಮಾತ್ರ ಮಾಚಿ ಎಂದು ಕೇಳಿದರೆ, ಹಾಗೇ ಕರೆಯುತ್ತಾರೆ ಎಂಬುದೇ ಉತ್ತರ. ಕಣಿವೆಯ ಅಕ್ಷರ ಟೋಕಿಯೋ ಕಡೆ ‘ಯಾ’ (ಶಿಬುಯಾ, ಯೊತ್ಸುಯಾ), ಒಸಾಕಾ ಕಡೆ ‘ತಾನಿ’ (ತಾನಿಮಾಚಿ). ಸೆಕಿಗಾಹಾರಾ ಎಂದು ಬರೆಯುವಾಗ ನಡುವೆ ಪುಟ್ಟ ‘ಕೆ’ ಅಕ್ಷರ ಹಾಕಿ ‘ಗಾ’ ಎಂದು ಓದುತ್ತಾರೆ. ಚಿಗಾಸಾಕಿ ನಗರದಲ್ಲಿ ಈ ಕೆ ಚಿಕ್ಕದು, ರ್‍ಯೂಗಾಸಾಕಿ ನಗರದಲ್ಲಿ ದೊಡ್ಡದು. ಟೋಕಿಯೋ ಸುತ್ತುವ ಯಾಮಾನೊತೆ ರೈಲಿನ ಹೆಸರಲ್ಲಿ ‘ನೊ’ ಬರೆಯುವ ರೂಢಿಯೇ ಇರಲಿಲ್ಲ. ಯುದ್ಧದ ನಂತರ ರೋಮನ್ ಅಕ್ಷರದಲ್ಲಿ ಫಲಕ ಬರೆದವರು ಕಂಡದ್ದನ್ನಷ್ಟೇ ಓದಿ ‘ಯಾಮಾತೆ’ ಎಂದರು. ಅದೇ ಬಳಕೆಗೆ ಬಂತು, 1971ರಲ್ಲಷ್ಟೇ ‘ನೊ’ ಅಧಿಕೃತವಾಗಿ ಮರಳಿತು.

ಶುಭಾಕ್ಷರದ ಗೀಳು 713ಕ್ಕೇ ಮುಗಿಯಲಿಲ್ಲ. ದಂಡನಾಯಕ ಕಾತೊ ಕಿಯೊಮಾಸಾ 1607ರಲ್ಲಿ ತನ್ನ ಹೊಸ ಕೋಟೆಗೆ ಕುಮಾಮೊತೊ ಎಂಬ ಹೆಸರನ್ನು ಬೇರೆ ಅಕ್ಷರದಲ್ಲಿ ಬರೆಸಿದ. ಹಳೆಯ ‘ಕುಮಾ’ (ಮೂಲೆ) ಅಕ್ಷರದೊಳಗೆ ಅಂಜಿಕೆಯ ಗುರುತು ಅಡಗಿತ್ತು, ವೀರನ ಕೋಟೆಗೆ ಅದು ಒಪ್ಪುತ್ತದೆಯೇ? ಅದೇ ಸದ್ದಿನ ಕರಡಿಯನ್ನು ತಂದು ಕೂರಿಸಿದ. ಒಸಾಕಾದ ‘ಸಾಕಾ’ ಅಕ್ಷರವನ್ನು ಬಿಡಿಸಿದರೆ ‘ಮಣ್ಣಿಗೆ ಹಿಂದಿರುಗು’ ಎಂದಾಗುತ್ತದೆಂದು ಜನ ಹೆದರಿದರು. ಮೇಯ್ಜಿ ಕಾಲದಲ್ಲಿ (1868–1912) ಮಣ್ಣಿನ ಗುರುತು ತೆಗೆದು ದಿಬ್ಬದ ಗುರುತು ಹಾಕಿದ ಅಕ್ಷರವೇ ನೆಲೆನಿಂತಿತು. ಅದೇ ಊರಿನ ಉಮೆದಾ ಈಗ ‘ಪ್ಲಮ್ ಗದ್ದೆ’, ಮೊದಲು ‘ಹೂತ ಗದ್ದೆ’, ಅಂದರೆ ಜೌಗಿಗೆ ಮಣ್ಣು ತುಂಬಿ ಮಾಡಿದ ನೆಲ. ಅಡಿಪಾಯ ತೋಡುವವರಿಗೆ ಹಳೆಯ ಅಕ್ಷರವೇ ಹೆಚ್ಚು ಉಪಕಾರಿಯಾಗಿತ್ತು.

ಇತ್ತೀಚಿನ ಹೆಸರುಗಳಲ್ಲಿ ಕಾವ್ಯ ಕಡಿಮೆ, ರಾಜಿ ಪಂಚಾಯಿತಿ ಹೆಚ್ಚು. ಕೊಕುಬುಂಜಿ ಮತ್ತು ತಾಚಿಕಾವಾ ನಿಲ್ದಾಣಗಳ ನಡುವೆ 1926ರಲ್ಲಿ ಹೊಸ ನಿಲ್ದಾಣವಾದಾಗ ಎರಡರ ಮೊದಲಕ್ಷರ ಕೂಡಿಸಿ, ‘ಕೊಕು’ವನ್ನು ‘ಕುನಿ’ ಎಂದು ಓದಿ, ಕುನಿತಾಚಿ ಎಂದರು. ಆ ಎರಡು ಅಕ್ಷರಗಳ ಸಾಮಾನ್ಯ ಓದು ‘ಕೊಕುರಿತ್ಸು’, ಅಂದರೆ ರಾಷ್ಟ್ರೀಯ. ಪುರಸಭೆಯ ಶಾಲೆಯ ಫಲಕ ರಾಷ್ಟ್ರೀಯ ಶಾಲೆಯದರಂತೆ ಕಾಣುತ್ತದೆ. 1947ರಲ್ಲಿ ಟೋಕಿಯೋದ ಓಮೊರಿ, ಕಾಮಾತಾ ವಾರ್ಡುಗಳು ಕೂಡಿದಾಗ ತಲೆಯೊಂದರದು, ಬಾಲವೊಂದರದು ತೆಗೆದು ಓತಾ ಮಾಡಿದರು. 1999ರಲ್ಲಿ 3,232 ಇದ್ದ ನಗರ, ಪಟ್ಟಣ, ಹಳ್ಳಿ ಆಡಳಿತಗಳು 2010ರ ಹೊತ್ತಿಗೆ 1,727ಕ್ಕಿಳಿದವು, ಅಷ್ಟೂ ಕೂಡಿಕೆಗಳಲ್ಲಿ ಹೆಸರಿನ ಜಗಳ. ಯಾರ ಕಾಂಜಿಯೂ ಬೇಡವೆಂದು ಸರಳ ಹಿರಾಗಾನಾ ಲಿಪಿಯಲ್ಲಿ ಬರೆಯುವುದು ಒಂದು ದಾರಿಯಾಯಿತು. 2001ರ ಸೈತಾಮಾ ನಗರ ಹಾಗೆ ಬಂದದ್ದು. 2003ರಲ್ಲಿ ಹುಟ್ಟಿದ ‘ಮಿನಾಮಿ ಆಲ್ಪ್ಸ್’ ನಗರದ ಹೆಸರಲ್ಲಿ ಯುರೋಪಿನ ಪರ್ವತವೇ ಬಂದು ಕೂತಿದೆ. ಇದನ್ನು ಕೇಳಿದಾಗ ಬೋಳಿಸಿದ ಕೂದಲೇ ವಾಸಿ ಎನ್ನಿಸುತ್ತದೆ.

ಬಡಗಣ ಹೊಕ್ಕೈಡೊಗೆ ಹೋದರೆ ಮೇಲೆ ಕಲಿತ ಹನ್ನೊಂದು ಪದಗಳೂ ಕೈಕೊಡುತ್ತವೆ. ಅಲ್ಲಿನ ಹೆಚ್ಚಿನ ಹೆಸರುಗಳು ಮೂಲನಿವಾಸಿಗಳ ಐನು ಭಾಷೆಯವು. ‘ಪೆತ್’ ಎಂದರೆ ಹೊಳೆ, ‘ನಾಯ್’ ಎಂದರೆ ತೊರೆ. ಜಪಾನಿಗಳು ಸದ್ದಿಗೆ ಸಮೀಪದ ಕಾಂಜಿ ಹುಡುಕಿ ಪೆತ್‌ಗೆ ‘ಬೆತ್ಸು’ (ಬೇರೆ), ನಾಯ್‌ಗೆ ‘ನಾಯ್’ (ಒಳಗೆ) ಎಂದು ಬರೆದರು. ನೊಬೊರಿಬೆತ್ಸು ಮೂಲದಲ್ಲಿ ಬಿಸಿನೀರ ಬುಗ್ಗೆಗಳಿಂದ ಬಣ್ಣಗೆಟ್ಟ ಹೊಳೆ, ಕಾಂಜಿಯಲ್ಲಿ ‘ಏರು, ಬೇರೆ’. ವಾಕ್ಕಾನಾಯ್ ತಣ್ಣೀರ ತೊರೆ, ಕಾಂಜಿಯಲ್ಲಿ ‘ಎಳೆಯ, ಒಳಗೆ’. ಹೊಕ್ಕೈಡೊ ಊರಿನ ಹೆಸರನ್ನು ಅಕ್ಷರ ನೋಡಿ ಅರ್ಥಮಾಡಿಕೊಂಡೆ ಎನ್ನುವವರನ್ನು ನಂಬಬಾರದು.

ತೆಂಕಣ ತುದಿಯ ಒಕಿನಾವಾದಲ್ಲಿ ಅಕ್ಷರ ಅರ್ಥ ಸರಿಯಾಗಿಯೇ ಹೇಳುತ್ತದೆ, ಓದು ತಪ್ಪುತ್ತದೆ. ಅಲ್ಲಿ ಪೂರ್ವಕ್ಕೆ ‘ಅಗಾರಿ’, ಸೂರ್ಯ ಏರುವ ಕಡೆ. ಪಶ್ಚಿಮಕ್ಕೆ ‘ಇರಿ’, ಸೂರ್ಯ ಒಳಹೋಗುವ ಕಡೆ. ಮೂಡು ಪಡುಗಳ ಲೆಕ್ಕವೇ. ಮೂಡುಬಿದಿರೆ, ಪಡುಬಿದ್ರಿಯವರಿಗೆ ಬೇರೆ ವಿವರಣೆ ಬೇಡ. ಕಾಡುಬೆಕ್ಕಿಗೆ ಹೆಸರಾದ ಇರಿಯೊಮೊತೆ ದ್ವೀಪದ ‘ಇರಿ’ಯನ್ನು ಪಶ್ಚಿಮದ ಅಕ್ಷರದಲ್ಲೇ ಬರೆಯುತ್ತಾರೆ, ಹೊರಗಿನವರು ಅದನ್ನು ‘ನಿಶಿ’ ಎಂದು ಓದಿ ಸಿಕ್ಕಿಬೀಳುತ್ತಾರೆ. ಆದರೆ ಒಕಿನಾವಾದ ಮಾತಿನಲ್ಲೂ ‘ನಿಶಿ’ ಎಂಬ ಪದವಿದೆ. ಅದರ ಅರ್ಥ ಉತ್ತರ. ಹಳೆಯ ರಾಜಧಾನಿ ಶುರಿಯ ಬಡಗಣಕ್ಕಿದ್ದ ಸೀಮೆಗೆ ಹಾಗಾಗಿ ನಿಶಿಹಾರಾ ಎಂದು ಹೆಸರು ಬಂತು. ಬರೆಯುವ ಹೊತ್ತಿಗೆ ಯಾರೋ ಜಪಾನಿ ಕಿವಿಯಿಂದ ಕೇಳಿ ಪಶ್ಚಿಮದ ಅಕ್ಷರ ಹಾಕಿದರು. ಉತ್ತರದ ಊರು ಈಗಲೂ ಫಲಕದ ಮೇಲೆ ಪಶ್ಚಿಮ ಎಂದು ಬರೆದುಕೊಂಡು ನಿಂತಿದೆ.