ಕೊಲೆಗಡುಕನಿಗೆ ಎರಡು ಗಂಟೆ, ಚರ್ಚಿಗೆ ಅರ್ಧ ನಿಮಿಷ

ನಿನ್ನೆ ಸಂಜೆ ಕೆಲಸ ಮುಗಿಸಿ ಲಂಡನ್ನಿನ ಏಲಿ ಸ್ಟ್ರೀಟಿನಲ್ಲಿ ನಡೆದು ಬರುತ್ತಿದ್ದಾಗ ಪ್ರವಾಸಿಗರ ಗುಂಪೊಂದು ಸೇಂಟ್ ಜಾರ್ಜ್ ಜರ್ಮನ್ ಲೂಥರನ್ ಚರ್ಚಿನ ಮುಂದೆ ನಿಂತಿತ್ತು. ಮಾರ್ಗದರ್ಶಿ ಮಹಾಶಯರು 'ಇದೊಂದು ಹಳೆಯ ಜರ್ಮನ್ ಚರ್ಚು' ಎಂದಷ್ಟೇ ಹೇಳಿ, ಸರಣಿ ಕೊಲೆಗಾರ ಜಾಕ್ ದ ರಿಪ್ಪರ್ ಓಡಾಡಿದ ಓಣಿಗಳತ್ತ ಗುಂಪನ್ನು ಹೊರಡಿಸಿಕೊಂಡು ಹೋದರು. ನನಗೆ ಮೈಯೆಲ್ಲ ಉರಿಯಿತು.

1763ರಲ್ಲಿ ಬಾಗಿಲು ತೆರೆದ, ಬ್ರಿಟನ್ನಿನಲ್ಲಿ ಉಳಿದಿರುವ ಜರ್ಮನ್ ಚರ್ಚುಗಳಲ್ಲೇ ಅತ್ಯಂತ ಹಳೆಯದಾದ ಈ ಕಟ್ಟಡಕ್ಕೆ ಸಿಕ್ಕಿದ್ದು ಅರ್ಧ ನಿಮಿಷ! ಇದನ್ನು ಕಟ್ಟಿಸಲು ಮುಂದೆ ನಿಂತವನು ಡೆಡರಿಕ್ ಬೆಕ್‌ಮನ್ ಎಂಬ ಸಕ್ಕರೆ ಉದ್ಯಮಿ. ಚರ್ಚಿರುವ ಈ ವೈಟ್‌ಚಾಪೆಲ್ ಬಡಾವಣೆಯ ಸಕ್ಕರೆ ಕಾರ್ಖಾನೆಗಳ ಕುದಿಯುವ ಕಡಾಯಿಗಳ ಮುಂದೆ ಬೆವರು ಸುರಿಸುತ್ತಿದ್ದವರಲ್ಲಿ ಬಹುಪಾಲು ಜರ್ಮನಿಯಿಂದ ಬಂದ ಕೂಲಿಗಳು. ಭಾನುವಾರ ಅವರು ತಮ್ಮ ಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದುದು ಇಲ್ಲಿಯೇ. ಕಳೆದ ವರ್ಷ ಬಾಗಿಲು ತೆರೆದಿದ್ದ ಒಂದು ದಿನ ನಾನು ಒಳಗೆ ಹೋಗಿದ್ದೆ. ಪುಟ್ಟ ಬಾಗಿಲುಗಳಿರುವ ಪೆಟ್ಟಿಗೆಯಂಥ ಮರದ ಆಸನಗಳು ಹಾಗೆಯೇ ಇವೆ. ಗೋಡೆಯ ಮೇಲೆ ಬೈಬಲಿನ ದಶಾಜ್ಞೆಗಳು ಜರ್ಮನ್ ಭಾಷೆಯಲ್ಲಿವೆ, ಅದೇ ಗೋಡೆಯ ಮೇಲೆ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್‌ನ ರಾಜಲಾಂಛನವೂ ಇದೆ. ದೇವರಿಗೆ ತಾಯ್ನುಡಿ, ದೊರೆಗೆ ನಮಸ್ಕಾರ. ವಲಸೆ ಬಂದವರ ಈ ಎಚ್ಚರಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಕಥೆ ಬೇಕೆಂದರೆ ಇಲ್ಲಿ ಕಥೆಗೇನು ಬರವೇ? 1764ರಲ್ಲಿ ಅಮೆರಿಕಕ್ಕೆ ಕರೆದೊಯ್ಯುವ ಭರವಸೆ ನಂಬಿ ಬಂದು ಮೋಸಹೋದ ನೂರಾರು ಜರ್ಮನ್ ಬಡವರು ಇದೇ ಬಡಾವಣೆಯ ಬಯಲಿನಲ್ಲಿ ಹಸಿದು ಮಲಗಿದ್ದಾಗ, ಈ ಚರ್ಚಿನ ಮೊದಲ ಸಭಾಪಾಲಕ, ಅಂದರೆ ಪಾದ್ರಿ, ವಾಕ್ಸೆಲ್ ಪತ್ರಿಕೆಗೆ ಕಾಗದ ಬರೆದ. ಲಂಡನ್ನಿನ ಜನ ಹಣ ಕೂಡಿಸಿದರು, ಟವರ್ ಕೋಟೆಯಿಂದ ಡೇರೆಗಳು ಬಂದವು, ಕೊನೆಗೆ ಅವರು ದಕ್ಷಿಣ ಕೆರೊಲಿನಾಕ್ಕೆ ಹಡಗು ಹತ್ತಿದರು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಜರ್ಮನರು ಲುಸಿಟಾನಿಯಾ ಎಂಬ ಬ್ರಿಟಿಷ್ ಪ್ರಯಾಣಿಕರ ಹಡಗನ್ನು ಮುಳುಗಿಸಿದ ಮೇಲೆ ಲಂಡನ್ನಿನ ಪೂರ್ವ ಭಾಗವಾದ ಈ ಈಸ್ಟ್ ಎಂಡ್‌ನಲ್ಲೇ ಜರ್ಮನ್ ಹೆಸರಿನ ಬ್ರೆಡ್ಡಿನ ಅಂಗಡಿಗಳನ್ನು ಜನ ನುಗ್ಗಿ ಲೂಟಿ ಮಾಡಿದರು. ತಲೆಮಾರುಗಳಿಂದ ಇಲ್ಲೇ ಬದುಕಿದವರು ರಾತ್ರೋರಾತ್ರಿ ಶತ್ರುಗಳಾದರು. ಮುಂದೆ ಹಿಟ್ಲರನ ಕಾಲದಲ್ಲಿ ಇಲ್ಲಿದ್ದ ಸಭಾಪಾಲಕ ಯೂಲಿಯುಸ್ ರೀಗರ್, ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರಿಗೆ ಈ ಚರ್ಚನ್ನೇ ಆಸರೆಯಾಗಿಸಿದ. ಆದರೂ ಮಾರ್ಗದರ್ಶಿಗೆ ಹೇಳಲು ಸಿಕ್ಕಿದ್ದು 'ಹಳೆಯ' ಎಂಬ ಒಂದೇ ವಿಶೇಷಣ.

ಜನ ದುಡ್ಡು ಕೊಡುವುದೇ ಕೊಲೆಯ ಕಥೆಗೆ, ಅವನಾದರೂ ಏನು ಮಾಡಿಯಾನು ಎಂದು ನೀವು ಕೇಳಬಹುದು. ಹೊಟ್ಟೆಪಾಡು ನಿಜ, ಒಪ್ಪಿದೆ. ಆದರೆ ಜನ ಕೇಳುವುದೆಲ್ಲ ಹೇಳುವವರು ಕಲಿಸಿದ ರುಚಿಯೇ ತಾನೆ? 1888ರ ಕೆಲವೇ ತಿಂಗಳಲ್ಲಿ, ಇಂದಿಗೂ ಹೆಸರು ಗೊತ್ತಿಲ್ಲದ ಒಬ್ಬ ನಡೆಸಿದ ಕ್ರೌರ್ಯಕ್ಕೆ ಎರಡು ಗಂಟೆ, 1996ರವರೆಗೆ ಆರಾಧನೆ ನಡೆದ ಜಾಗಕ್ಕೆ ಅರ್ಧ ನಿಮಿಷ. ಈ ಲೆಕ್ಕ ನನಗೆ ಜೀರ್ಣವಾಗುತ್ತಿಲ್ಲ.

ಇಷ್ಟೆಲ್ಲ ಕೂಗಾಡುವ ನಾನೇನು ಸಾಚಾ ಎಂದುಕೊಳ್ಳಬೇಡಿ. ಆರು ವರ್ಷದ ಹಿಂದೆ ಶಿವಮೊಗ್ಗದಿಂದ ಬಂದಿದ್ದ ಭಾವನವರನ್ನು ನಾನೇ ದುಡ್ಡು ಕೊಟ್ಟು ಅದೇ ರಿಪ್ಪರ್ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆ. ರಾತ್ರಿ ಹಳೆಯ ಫೋಟೋಗಳನ್ನು ತೆರೆದು ನೋಡಿದೆ. ಛತ್ರಿ ಹಿಡಿದು ನಗುತ್ತಿರುವ ಭಾವನವರ ಬೆನ್ನ ಹಿಂದೆ ಇದೇ ಚರ್ಚಿನ ಗೋಡೆ ಇದೆ.