ಹಳೆ ಕಾರು ದಾನ: ತೆರಿಗೆ ವಿನಾಯಿತಿ ಬಗ್ಗೆ ಸ್ಪಷ್ಟನೆ

'ಅಮೆರಿಕದಲ್ಲಿ ಹಳೆ ಕಾರು ದಾನ ಕೊಟ್ಟರೆ ಮನೆಗೇ ಬಂದು ಪುಕ್ಕಟೆ ಒಯ್ಯುತ್ತಾರೆ, ಪೂರ್ತಿ ಮಾರುಕಟ್ಟೆ ಬೆಲೆಯಷ್ಟು ತೆರಿಗೆ ಉಳಿಯುತ್ತದೆ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಪುಕ್ಕಟೆ ಒಯ್ಯುವುದು ನಿಜ. ತೆರಿಗೆಯ ಮಾತು ತಪ್ಪು.

ಇಂಥ ಕಾರುಗಳನ್ನು ದಾನ ಪಡೆದ ಸೇವಾ ಸಂಸ್ಥೆಗಳು ಸಾಮಾನ್ಯವಾಗಿ ಹರಾಜಿಗೆ ಹಾಕುತ್ತವೆ. 2005ರಿಂದ ಇರುವ ನಿಯಮದಂತೆ, ಕಾರು 500 ಡಾಲರ್‌ಗಿಂತ ಜಾಸ್ತಿಗೆ ಮಾರಾಟವಾದರೆ, ಮಾರಿ ಬಂದ ಮೊತ್ತವನ್ನಷ್ಟೇ ದಾನವೆಂದು ತೋರಿಸಬಹುದು. ಮಾರುಕಟ್ಟೆಯಲ್ಲಿ 3,000 ಡಾಲರ್ ಬಾಳುವ ಕಾರು ಹರಾಜಿನಲ್ಲಿ 900ಕ್ಕೆ ಹೋಯಿತು ಅನ್ನಿ. ನಿಮ್ಮ ಲೆಕ್ಕ 900 ಮಾತ್ರ. ಅದೂ ನೇರವಾಗಿ ತೆರಿಗೆಯಿಂದ ಕಳೆಯುವುದಿಲ್ಲ, ತೆರಿಗೆ ಬೀಳುವ ಆದಾಯದಿಂದ ಕಳೆಯುತ್ತದೆ. ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚು, ದಾನಗಳನ್ನು ಒಂದೊಂದಾಗಿ ತೋರಿಸದೆ ಆದಾಯದಿಂದ ಕಳೆಯುವ ನಿಗದಿತ ಮೊತ್ತ) ತೆಗೆದುಕೊಳ್ಳುವವರಿಗೆ ಕಾರು ದಾನದಿಂದ ಈ ಲಾಭವೂ ಇಲ್ಲ. ಬಹಳ ಜನರಿಗೆ ಗೊತ್ತಿಲ್ಲದ್ದು ಇದೇ.

ಸಂಸ್ಥೆ ಕಾರನ್ನು ತನ್ನ ಕೆಲಸಕ್ಕೇ ಗಣನೀಯವಾಗಿ ಬಳಸಿದರೆ, ಅಥವಾ ಬಡವರಿಗೆ ಕೊಟ್ಟರೆ, ಆಗ ಮಾರುಕಟ್ಟೆ ಬೆಲೆ ತೋರಿಸಲು ಅವಕಾಶವಿದೆ.

ಎಷ್ಟು ಮೊತ್ತ ತೋರಿಸಬಹುದು ಎಂಬುದಕ್ಕೆ ಆಧಾರ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ 1098-ಸಿ ಫಾರ್ಮ್. ಮಾರಾಟವಾದ 30 ದಿನದೊಳಗೆ ಸಂಸ್ಥೆ ಅದನ್ನು ನಿಮಗೆ ಕೊಡಬೇಕು. ಮಾರಿದ ಮೊತ್ತ ಅದರಲ್ಲೇ ಇರುತ್ತದೆ.

ದಾನ ಖಂಡಿತ ಮಾಡಿ, ಒಳ್ಳೆಯ ಕೆಲಸ ಅದು. ಆದರೆ ಆ ಸಂದೇಶವನ್ನು ಸುಮ್ನೆ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಕಳಿಸಿ.