ದಿನಕ್ಕೆರಡು ಜಿಬಿಯ ಸಂಸಾರ

ತಾವರೆಕೆರೆ ದಾಟಿ ಮಾಗಡಿ ರಸ್ತೆಯಿಂದ ಒಳಗಿನ ಮಣ್ಣುದಾರಿಗೆ ತಿರುಗಿದ ಮೇಲೂ ವಿಳಾಸದಲ್ಲಿ ಬೆಂಗಳೂರು ಉಳಿದುಕೊಳ್ಳುತ್ತದೆ; ಫೈಬರ್ ಕೇಬಲ್ ಮಾತ್ರ ಮುಖ್ಯರಸ್ತೆಯಲ್ಲೇ ನಿಂತುಬಿಡುತ್ತದೆ. ಗ್ರಾಮ ಪಂಚಾಯಿತಿಗಳಿಗೆಲ್ಲ ಕೇಬಲ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ಕೊಟ್ಟಿತು, ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರೂ ಬಂತು. ಆದರೆ ಪಂಚಾಯಿತಿ ಕಚೇರಿಗೂ ನಮ್ಮ ತೋಟದ ಮನೆಗೂ ನಡುವೆ ರಾಗಿ ಹೊಲ, ಒಂದು ಹಳ್ಳ ಮತ್ತು ದಾಯಾದಿಗಳ ವ್ಯಾಜ್ಯದಲ್ಲಿರುವ ಜಮೀನು ಬಿದ್ದುಕೊಂಡಿರುವುದರಿಂದ, ನಮ್ಮ ಮನೆಯ ಸಕಲ ಇಂಟರ್ನೆಟ್ ವ್ಯವಹಾರವೂ ಇಂದಿಗೂ ಒಂದೇ ಒಂದು ಮೊಬೈಲ್ ಸಿಮ್ಮಿನ ಮೇಲೆ, ದಿನಕ್ಕೆ 2 ಜಿಬಿಯ ಲೆಕ್ಕದಲ್ಲಿ ನಡೆಯುತ್ತಿದೆ.

ಬಸ್ಸಿನಲ್ಲಿ ಕುಳಿತು ಹೆಬ್ಬೆರಳಾಡಿಸುವ ಒಬ್ಬ ವ್ಯಕ್ತಿಗೆ 2 ಜಿಬಿ ಧಾರಾಳವಾಯಿತು. ಸಂಸಾರಕ್ಕೆ ಅದು ಸಾಲದು. ನನ್ನ ಕಚೇರಿಯ ವಿಡಿಯೋ ಮೀಟಿಂಗ್ ಗಂಟೆಗೆ ಸುಮಾರು 1 ಜಿಬಿ ನುಂಗುತ್ತದೆ. ಅತ್ತೆಯವರ ಧಾರಾವಾಹಿಯನ್ನು ಎಚ್‌ಡಿಯಲ್ಲಿ ಹಾಕಿದರೆ ಗಂಟೆಗೆ 3 ಜಿಬಿಯವರೆಗೂ ಹೋಗಬಹುದು. ಗುಣಮಟ್ಟ ಇಳಿಸಿದರೆ ಅದೇ ಧಾರಾವಾಹಿ 1 ಜಿಬಿಯ ಆಸುಪಾಸಿನಲ್ಲಿ ಮುಗಿಯುತ್ತದೆಂದು ನಾನು ವಿನಯದಿಂದಲೇ ಸೂಚಿಸಿದೆ. ಹಾಗೆ ಮಾಡಿದರೆ ಸೀರೆಯ ಅಂಚು ಕಾಣುವುದಿಲ್ಲವೆಂದೂ, ಅಂಚು ಕಾಣದ ಮೇಲೆ ಆ ಧಾರಾವಾಹಿಯಲ್ಲಿ ನೋಡುವುದಕ್ಕೆ ಇನ್ನೇನೂ ಇಲ್ಲವೆಂದೂ ಅವರು ಹೇಳಿದಾಗ ನನಗೆ ಮರುಮಾತು ಹೊಳೆಯಲಿಲ್ಲ.

ಕೋಟಾ ಮುಗಿದ ಮೇಲೆ ಸಂಪರ್ಕವೇನೂ ಕಡಿದುಹೋಗುವುದಿಲ್ಲ, ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಅಷ್ಟೇ. 2023ರಿಂದೀಚೆಗೆ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ವೇಗವಿರಬೇಕು. ನಮಗೆ ಉಳಿಯುವುದು ಅದರಲ್ಲಿ ಸುಮಾರು ಮೂವತ್ತೊಂದನೆಯ ಒಂದು ಪಾಲು. ಈ ವೇಗದಲ್ಲಿ 1 ಜಿಬಿ ಇಳಿಸಿಕೊಳ್ಳಲು ಹೆಚ್ಚುಕಡಿಮೆ ಒಂದೂವರೆ ದಿನ ಬೇಕು. ಶುಭೋದಯದ ಗುಲಾಬಿ ಹೂವು ಸಂಜೆಯ ಹೊತ್ತಿಗೆ ಎಸಳು ಬಿಡಿಸಲು ಆರಂಭಿಸುತ್ತದೆ.

ಇನ್ನು ಆ ಸಿಮ್ ಇರುವುದು ಮಾವನವರ ಫೋನಿನಲ್ಲಿ. ಬೇರೆ ಯಾವ ಕಂಪನಿಯ ಸಿಗ್ನಲ್ಲೂ ನಮ್ಮ ನಡುಮನೆಯೊಳಗೆ ನಿಲ್ಲದ ಕಾರಣ ಅವರ ಹಾಟ್‌ಸ್ಪಾಟ್‌ಗೇ ಎಲ್ಲರೂ ಶರಣು. ಅವರು ಹಾಲಿನ ಡೇರಿಗೆ ಹೊರಟರೆ ಇಂಟರ್ನೆಟ್ಟೂ ಕ್ಯಾನಿನ ಜೊತೆ ಸ್ಕೂಟರ್ ಹತ್ತಿ ಹೊರಟುಹೋಗುತ್ತದೆ. ಮನೆಯಲ್ಲಿದ್ದಾಗಲೂ ನೆಮ್ಮದಿಯೆಂದು ತಿಳಿಯಬೇಕಾಗಿಲ್ಲ. ಅದು ಎರಡು ಸಿಮ್ಮಿನ ಫೋನು, ಎರಡನೆಯ ಸಿಮ್ಮಿಗೆ ಕರೆ ಬಂತೆಂದರೆ ಮೊದಲನೆಯದರ ಡೇಟಾ ಕರೆ ಮುಗಿಯುವವರೆಗೆ ಉಸಿರುಗಟ್ಟಿಕೊಂಡಿರುತ್ತದೆ. ನಾನು ಮೀಟಿಂಗಿನಲ್ಲಿ ತ್ರೈಮಾಸಿಕ ವರದಿಯನ್ನು ವಿವರಿಸುತ್ತಿರುವಾಗಲೇ ಅವರಿಗೆ ಹಿಂಡಿ ಬೂಸಾದ ದರ ತಿಳಿಸುವ ಕರೆ ಬರುತ್ತದೆ, ಬಾಯಿ ತೆರೆದಂತೆಯೇ ನನ್ನ ಮುಖ ವೈಟ್‌ಫೀಲ್ಡಿನ ಪರದೆಯ ಮೇಲೆ ಸ್ತಬ್ಧವಾಗುತ್ತದೆ. ನಮ್ಮ ಮ್ಯಾನೇಜರರಿಗೆ ಈಗ ಹಿಂಡಿಯ ದರದ ಏರಿಳಿತಗಳ ಬಗ್ಗೆ ಸಾಕಷ್ಟು ತಿಳಿವಳಿಕೆಯಿದೆ.

5ಜಿ ಇದ್ದಲ್ಲಿ ದಿನದ ಮಿತಿಯ ಗೊಡವೆಯೇ ಇರುವುದಿಲ್ಲವೆಂದು ನಗರದ ಬಂಧುಗಳು ಬೋಧಿಸುತ್ತಾರೆ. 2022ರ ಅಕ್ಟೋಬರಿನಲ್ಲಿ ದೇಶಕ್ಕೆ ಬಂದ ಆ 5ಜಿ ನಮ್ಮೂರಿಗೂ ಬಂದಿದೆ, ಆದರೆ ತೆಂಗಿನಮರದ ತುದಿಗೆ. ಕಾಯಿ ಕೀಳುವವರ ಫೋನಿನಲ್ಲಿ ಅದು ಕಾಣಿಸಿಕೊಂಡಿತಂತೆ, ಕೆಳಗಿಳಿಯುವಷ್ಟರಲ್ಲಿ ಮಾಯವಾಯಿತಂತೆ. ಇದರಲ್ಲಿ ಪವಾಡವೇನೂ ಇಲ್ಲ. ಟವರಿಗೂ ನಮಗೂ ನಡುವೆ ಒಂದು ನೀಲಗಿರಿ ತೋಪಿದೆ. ಹೆಚ್ಚು ಕಂಪನಾಂಕದ ಅಲೆಗಳನ್ನು ಎಲೆಗಳು, ಅದರಲ್ಲೂ ಮಳೆಯಲ್ಲಿ ನೆನೆದ ಎಲೆಗಳು, ಹೀರಿಕೊಂಡುಬಿಡುತ್ತವೆ. ಕಡಿಮೆ ಕಂಪನಾಂಕದವು ಹೇಗೋ ನುಸುಳಿ ಬರುತ್ತವೆಯಾದರೂ ಅವು ಹೊತ್ತು ತರುವ ಡೇಟಾ ಅಷ್ಟಕ್ಕಷ್ಟೇ. ಶನಿವಾರ ಬಂತೆಂದರೆ ಸಾವನದುರ್ಗ, ಮಂಚನಬೆಲೆಯ ಕಡೆಗೆ ಹೊರಟ ನಗರವಾಸಿಗಳೆಲ್ಲ ದಾರಿಯುದ್ದಕ್ಕೂ ಸೆಲ್ಫಿ ಹಂಚುತ್ತ ಅದೇ ಟವರನ್ನು ಹಂಚಿಕೊಳ್ಳುವುದರಿಂದ, ಫೋನಿನಲ್ಲಿ ನಾಲ್ಕು ಕಡ್ಡಿ ತುಂಬಿದ್ದರೂ ಒಂದು ಪುಟವೂ ತೆರೆಯುವುದಿಲ್ಲ. ಆ ಕಡ್ಡಿಗಳು ಸಿಗ್ನಲ್ಲಿನ ಬಲವನ್ನು ತೋರಿಸುತ್ತವೆಯೇ ಹೊರತು ಅದಕ್ಕಾಗಿ ಸಾಲು ನಿಂತವರೆಷ್ಟು ಎಂಬುದನ್ನಲ್ಲ.

ಇಷ್ಟೆಲ್ಲ ಇದ್ದರೂ ಹೇಗೋ ನಡೆಯುತ್ತಿದ್ದ ಸಂಸಾರಕ್ಕೆ ನನ್ನ ಭಾವಮೈದುನ ಕೊಟ್ಟಿಗೆಯ ಪಕ್ಕ ಒಂದು ಕಾವಲು ಕ್ಯಾಮೆರಾ ಕೂರಿಸಿಕೊಟ್ಟು ಹೋದ. ಅಂದಿನಿಂದ ಬೆಳಗ್ಗೆ ನಾವು ಏಳುವಷ್ಟರಲ್ಲೇ ದಿನದ ಕೋಟಾ ಮುಗಿದಿರುತ್ತಿತ್ತು. ಮಾವನವರು ಮೊಮ್ಮಗನನ್ನು ಶಂಕಿಸಿದರು, ಮಗ ಅಜ್ಜಿಯನ್ನು ಶಂಕಿಸಿದ, ಅತ್ತೆಯವರು ನನ್ನ ಕಂಪನಿಯನ್ನೇ ಶಂಕಿಸಿದರು. ಕೊನೆಗೆ ಲೆಕ್ಕ ಹಾಕಿ ನೋಡಿದರೆ, 1 ಎಂಬಿಪಿಎಸ್ ವೇಗದಲ್ಲಿ ಬಿಡುವಿಲ್ಲದೆ ಚಿತ್ರ ಕಳಿಸುವ ಕ್ಯಾಮೆರಾಕ್ಕೆ ದಿನಕ್ಕೆ 10.8 ಜಿಬಿ ಬೇಕು. ಮಧ್ಯರಾತ್ರಿ 12ಕ್ಕೆ ಹೊಸ ಕೋಟಾ ಬಿದ್ದ ಕ್ಷಣದಿಂದ ಅದು ಮಲಗಿದ ಹಸುಗಳನ್ನು ಶ್ರದ್ಧೆಯಿಂದ ಚಿತ್ರೀಕರಿಸಿ, ಎಲ್ಲೋ ದೂರದ ಸರ್ವರಿಗೆ ಕಳಿಸಿ, ನಾಲ್ಕೂವರೆಯ ಹೊತ್ತಿಗೆ 2 ಜಿಬಿಯನ್ನೂ ಮುಗಿಸಿರುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ಈ ಮಧ್ಯೆ ಒಂದು ದಿನ ಹಿತ್ತಿಲ ಬಾಳೆಗೊನೆ ನಿಜವಾಗಿಯೂ ಕಳುವಾಯಿತು, ಅದೂ ಬೆಳಗಿನ ಜಾವ ಐದರ ಮೇಲೆ. ಕ್ಯಾಮೆರಾ ಕಳಿಸಿದ್ದ ಕೊನೆಯ ಚಿತ್ರದಲ್ಲಿ ಗೊನೆ ಬಹಳ ಸ್ಪಷ್ಟವಾಗಿ, ಎಚ್‌ಡಿಯಲ್ಲಿ, ಮರದಲ್ಲೇ ಇತ್ತು. ಈಗ ಅದಕ್ಕೆ ಮೆಮೊರಿ ಕಾರ್ಡ್ ಹಾಕಿಸಿ, ಕೇಳಿದಾಗಷ್ಟೇ ಚಿತ್ರ ಕಳಿಸುವಂತೆ ಮಾಡಿದ್ದೇವೆ.

ಕ್ಯಾಮೆರಾದ ಹಾವಳಿ ತಪ್ಪಿದ ಮೇಲೆ ಮಧ್ಯರಾತ್ರಿಯ ಪಾಳಿಗೆ ಹೊಸಬರು ಬಂದರು. ಪರೀಕ್ಷೆಗೆಂದು ಒಂದು ದಿನವೂ ಹತ್ತರ ಮೇಲೆ ಎಚ್ಚರವಿರದ ನನ್ನ ಮಗ, ಹತ್ತಾರು ಜಿಬಿ ತೂಗುವ ಆಟದ ಅಪ್‌ಡೇಟನ್ನು ಕಂತುಕಂತಾಗಿ ಇಳಿಸಿಕೊಳ್ಳಲು ಹನ್ನೆರಡರವರೆಗೆ ಕಾದಿರುತ್ತಾನೆ. ಕತ್ತಲಲ್ಲಿ ಕಾಲು ಸದ್ದಾಗದಂತೆ ಬಂದ ಅತ್ತೆಯವರು ಅವನನ್ನು ಕಂಡು ಗದರದೆ, ಎಷ್ಟು ಉಳಿಸುತ್ತೀಯೆಂದು ಪಿಸುಮಾತಿನಲ್ಲಿ ಕೇಳುತ್ತಾರೆ. ಒಂದೂವರೆ ಅವನಿಗೆ, ಅರ್ಧ ಅವರಿಗೆ ಎಂಬ ಒಪ್ಪಂದ ಅವರ ನಡುವೆ ಏರ್ಪಟ್ಟಿದ್ದು, ನನ್ನ ಬೆಳಗಿನ ಮೀಟಿಂಗಿನ ಪಾಲು ಅದರಲ್ಲಿ ಎಲ್ಲೂ ನಮೂದಾಗಿಲ್ಲ.

ಕಳೆದ ತಿಂಗಳು ಕೇಬಲ್ ಎಳೆಯುವವರು ಬಂದು ನೋಡಿಕೊಂಡು ಹೋದರು. ಒಂದೇ ಮನೆಗಾಗಿ ಇಷ್ಟು ದೂರ ಕಂಬ ನೆಡಲಾಗದು, ಅಕ್ಕಪಕ್ಕದ ತೋಟದವರೂ ಸಂಪರ್ಕ ತೆಗೆದುಕೊಳ್ಳುವುದಾದರೆ ಯೋಚಿಸಬಹುದು ಎಂದರು. ನಾನು ಆಸೆಯಿಂದ ಅರ್ಜಿ ಹಿಡಿದು ಪಕ್ಕದ ತೋಟದವರಲ್ಲಿಗೆ ಹೋದೆ. ಅವರು ಕಾಫಿ ಕೊಟ್ಟು ಉಪಚರಿಸಿ, ಅರ್ಜಿಯನ್ನು ಪೂರ್ತಿ ಓದಿ, ತಮಗೆ ಇದರ ಅಗತ್ಯ ಬೀಳುವುದಿಲ್ಲವೆಂದು ಬಹಳ ಸಂಕೋಚದಿಂದ ಹಿಂದಿರುಗಿಸಿದರು. ಮಾವನವರು ಪಾಸ್‌ವರ್ಡ್ ಕೊಟ್ಟಾಗಿನಿಂದ ಅವರ ಪಂಪ್‌ಹೌಸಿನವರೆಗೂ ನಮ್ಮ ಹಾಟ್‌ಸ್ಪಾಟ್ ಚೆನ್ನಾಗಿಯೇ ಬರುತ್ತಿದೆಯಂತೆ. ತಿಂಗಳ ಕೊನೆಯಲ್ಲಿ ರೀಚಾರ್ಜ್ ಮಾತ್ರ ತಡಮಾಡಬೇಡಿರೆಂದು ಗೇಟಿನವರೆಗೆ ಬಂದು ನೆನಪಿಸಿದರು.